ಮೊದಲ ಹಾಲು: ಶಾಸ್ತ್ರ, ಕಾವ್ಯ, ಮನೆಮಾತುಗಳಲ್ಲಿ ಶಿಶುಪೋಷಣೆಯ ವಿಚಾರ

೧

ಹುಟ್ಟಿದ ಕೂಸಿಗೆ ಮೂರು ದಿನಗಳವರೆಗೆ ತಾಯಿಯ ಹಾಲನ್ನು ಕೊಡಲಾಗದು. ಮೊದಲು ಬರುವ ಹಾಲು ಮಂದವಾಗಿಯೂ ಹಳದಿಯಾಗಿಯೂ ಇರುವುದರಿಂದ ಅದು ಕೆಟ್ಟ ಹಾಲು, ಅದನ್ನು ಹಿಂಡಿ ಚೆಲ್ಲಬೇಕು. ಅಲ್ಲಿಯವರೆಗೆ ಜೇನುತುಪ್ಪವನ್ನೋ ಸಕ್ಕರೆನೀರನ್ನೋ ಹಸುವಿನ ಹಾಲನ್ನೋ ಕೂಸಿಗೆ ನೆಕ್ಕಿಸಬೇಕು—ಎಂಬ ನಂಬಿಕೆಯು ಭರತಖಂಡದ ಅನೇಕ ಸೀಮೆಗಳಲ್ಲಿ ಬಹುಕಾಲದಿಂದ ನಡೆದುಬಂದಿದೆ. ಕನ್ನಡ ನಾಡೂ ಇದಕ್ಕೆ ಹೊರತಾದುದಲ್ಲ. ಕಾರಣವೇನೆಂದು ಕೇಳಿದರೆ ಮನೆಯ ಹಿರಿಯರು ಸಂಪ್ರದಾಯವೆನ್ನುತ್ತಾರೆ, ಓದಿದವರು ಶಾಸ್ತ್ರವೆನ್ನುತ್ತಾರೆ, ಇವರಿಬ್ಬರನ್ನೂ ಹಳಿಯತಕ್ಕ ನವೀನರು ಅಜ್ಞಾನವೆನ್ನುತ್ತಾರೆ. ಈ ಮೂರು ಮಾತುಗಳಲ್ಲಿ ಯಾವುದೂ ಪರೀಕ್ಷೆಗೆ ಒಳಪಟ್ಟು ಆಡಿದ ಮಾತಲ್ಲ. ಶಾಸ್ತ್ರವೆಂದರೆ ಯಾವ ಶಾಸ್ತ್ರ, ಸಂಪ್ರದಾಯವೆಂದರೆ ಯಾರ ಸಂಪ್ರದಾಯ, ಕಾವ್ಯಗಳೂ ಜನರ ಮಾತೂ ಈ ವಿಷಯದಲ್ಲಿ ಯಾವ ಸಾಕ್ಷ್ಯವನ್ನು ನುಡಿಯುತ್ತವೆ ಎಂಬುದನ್ನು ವಿಮರ್ಶಿಸಿ ನೋಡುವುದು ಅವಶ್ಯಕವಾಗಿದೆ. ಇದು ಪಂಡಿತರ ಕುತೂಹಲಕ್ಕೆ ಮಾತ್ರ ಸಂಬಂಧಿಸಿದ ವಿಷಯವಲ್ಲ. ಹುಟ್ಟಿದ ತಿಂಗಳೊಳಗೆ ಅಳಿಯುವ ಕೂಸುಗಳಲ್ಲಿ ಸುಮಾರು ಮುಕ್ಕಾಲು ಪಾಲು ಮೊದಲ ವಾರದಲ್ಲಿಯೇ ಅಳಿಯುತ್ತವೆ. ಆ ವಾರದಲ್ಲಿ ಕೂಸಿನ ಬಾಯಿಗೆ ಏನು ಬಿದ್ದಿತು ಎಂಬುದು ಅದರ ಆಯುಸ್ಸಿನ ಪ್ರಶ್ನೆ.

ಇಂಥ ವಿಮರ್ಶೆಗೆ ಕೋಲಾರದ ಸೀಮೆಯ ಕುರುಡುಮಲೆಯು ತಕ್ಕ ನೆಲೆಯಾಗಿದೆ. ಮುಳಬಾಗಿಲಿಗೆ ಸುಮಾರು ೧೦ ಕಿಲೋಮೀಟರು ದೂರದಲ್ಲಿರುವ ಈ ಊರು ಸುಮಾರು ೧೩ ಅಡಿ ಎತ್ತರದ ಏಕಶಿಲೆಯ ಗಣಪತಿಯಿಂದಲೂ ಚೋಳರ ಶೈಲಿಯ ಸೋಮೇಶ್ವರ ದೇವಾಲಯದಿಂದಲೂ ಹೆಸರಾದುದು. ರೈಸ್ ಅವರು ೧೯೦೫ರಲ್ಲಿ ಹೊರಡಿಸಿದ ಕೋಲಾರ ಜಿಲ್ಲೆಯ ಶಾಸನಸಂಪುಟವನ್ನು ತೆರೆದು ನೋಡಿದವರಿಗೆ ಈ ಸೀಮೆಯ ಕಲ್ಲುಗಳು ಕನ್ನಡವನ್ನು ಮಾತ್ರವಲ್ಲದೆ ತಮಿಳನ್ನೂ ತೆಲುಗನ್ನೂ ಆಡುತ್ತವೆಂಬುದು ಗೊತ್ತಾಗುತ್ತದೆ. ಇಂದಿಗೂ ಇಲ್ಲಿಯ ಎಷ್ಟೋ ಮನೆಗಳಲ್ಲಿ ಒಲೆಯ ಮುಂದಿನ ಮಾತು ತೆಲುಗು, ಶಾಲೆಯ ಮತ್ತು ಕಚೇರಿಯ ಮಾತು ಕನ್ನಡ. ಹೀಗೆ ಭಾಷೆಗಳು ಕಲೆತಿರುವ ಗಡಿಯಲ್ಲಿ ಯಾವ ಆಚಾರವು ಯಾರದು, ಯಾವುದು ಎಲ್ಲರದು ಎಂಬುದನ್ನು ಹೋಲಿಸಿ ನೋಡಲು ಅನುಕೂಲವುಂಟು.

ಮೊದಲು ಮಾತುಗಳನ್ನೇ ನೋಡಬಹುದು. ಹೆರಿಗೆ ಮಾಡಿಸುವವಳು ಕನ್ನಡದಲ್ಲಿ ಸೂಲಗಿತ್ತಿ, ತೆಲುಗಿನಲ್ಲಿ ಮಂತ್ರಸಾನಿ. ಹೆತ್ತವಳು ಇಲ್ಲಿ ಬಾಣಂತಿ, ಅಲ್ಲಿ ಬಾಲಿಂತ. ಕೂಸಿಗೆ ಕಲ್ಲಿನ ಮೇಲೆ ತೇಯ್ದು ನೆಕ್ಕಿಸುವ ಬೇರು ಕನ್ನಡಕ್ಕೆ ಬಜೆ, ತೆಲುಗಿಗೆ ವಸ, ತಮಿಳಿಗೆ ವಸಂಬು. ಬಜೆಯಿಂದ ನಾಲಗೆ ತಿರುಗಿ ಮಾತು ಚೆನ್ನಾಗಿ ಬರುವುದೆಂಬ ನಂಬಿಕೆಯು ಎಲ್ಲರಿಗೂ ಒಂದೇ. ಬಾಯಿ ಮುಚ್ಚದೆ ಮಾತನಾಡುವವರನ್ನು ತೆಲುಗರು ವಸಪಿಟ್ಟ ಎಂದು ಹಾಸ್ಯಮಾಡುವುದೂ ಇದರಿಂದಲೇ ಬಂದುದು. ಮೂತಿಯುಳ್ಳ ಪುಟ್ಟ ಬಟ್ಟಲಿನಿಂದ ಕೂಸಿನ ಬಾಯಿಗೆ ಹಾಲನ್ನು ಹನಿಹನಿಯಾಗಿ ಬಿಡುವ ಸಾಧನಕ್ಕೆ ಹಳೆಯ ಮೈಸೂರಿನವರು ಒಳಲೆಯೆನ್ನುತ್ತಾರೆ, ತೆಲುಗರು ಉಗ್ಗುಗಿನ್ನೆಯೆನ್ನುತ್ತಾರೆ, ತಮಿಳರು ಪಾಲಾಡೈ ಎನ್ನುತ್ತಾರೆ. ಹೆಸರುಗಳು ಬೇರೆಯಾದರೂ ವಸ್ತುವೂ ಕೈಚಳಕವೂ ಒಂದೇ ಆಗಿರುವುದರಿಂದ, ಈ ಆಚಾರಗಳು ಒಂದು ಜಾತಿಯ ಅಥವಾ ಒಂದು ಭಾಷೆಯ ಗ್ರಂಥದಿಂದ ಇಳಿದು ಬಂದುವಲ್ಲವೆಂದೂ, ಹೆಂಗಸರು ನೆರೆಮನೆಯಿಂದ ನೆರೆಮನೆಗೆ ಕಲಿತು ಕಲಿಸಿದುವೆಂದೂ ಊಹಿಸಲು ಅವಕಾಶವುಂಟು.

ಈ ಮಾತುಗಳಲ್ಲಿ ಅತ್ಯಂತ ವಿಚಾರಾರ್ಹವಾದುದು ಗಿಣ್ಣು. ಹಸು ಈದ ಮೊದಲ ಕೆಲವು ಹೊತ್ತಿನ ಹಾಲನ್ನು ಬೆಲ್ಲ ಏಲಕ್ಕಿಗಳೊಡನೆ ಬೇಯಿಸಿದರೆ ಅದು ಗಟ್ಟಿಯಾಗಿ ಗಿಣ್ಣಾಗುವುದು. ತೆಲುಗರಿಗೆ ಇದು ಜುನ್ನು, ಆ ಹಾಲು ತಮಿಳರಿಗೆ ಸೀಂಬಾಲ್. ಈ ಮೂವರಲ್ಲಿಯೂ ಇದು ನೆರೆಯವರಿಗೆ ಹಂಚಿ ತಿನ್ನತಕ್ಕ ಸವಿಯಾದ ಪದಾರ್ಥ. ಕರುವಿನ ಪಾಲನ್ನು ಕರುವಿಗೆ ಬಿಟ್ಟು ಉಳಿದುದನ್ನು ಮಾತ್ರ ಕರೆದುಕೊಳ್ಳಬೇಕೆಂಬುದನ್ನೂ, ಆ ಹಾಲು ದೊರೆಯದ ಕರು ನೆಟ್ಟಗಾಗದೆಂಬುದನ್ನೂ ದನ ಸಾಕುವವರು ಬಲ್ಲರು. ಕೊಟ್ಟಿಗೆಯಲ್ಲಿ ಅಮೃತವೆನಿಸಿದ ಅದೇ ಮೊದಲ ಹಾಲು ಬಾಣಂತಿಯ ಕೋಣೆಯಲ್ಲಿ ಕೆಟ್ಟ ಹಾಲೆನಿಸಿದುದು ಹೇಗೆ? ಜನರ ಅನುಭವವು ಒಂದು ಕಡೆ ಸರಿಯಾಗಿದ್ದು ಮತ್ತೊಂದು ಕಡೆ ತಪ್ಪಿದುದಕ್ಕೆ ಅಜ್ಞಾನವೆಂಬ ಒಂದೇ ಉತ್ತರವು ಸಾಲದು.

೨

ಶಾಸ್ತ್ರವನ್ನು ಸಾಕ್ಷಿಗೆ ಕರೆಯುವವರು ಸಾಮಾನ್ಯವಾಗಿ ಸುಶ್ರುತನನ್ನು ಕರೆಯುತ್ತಾರೆ. ಸುಶ್ರುತಸಂಹಿತೆಯ ಶಾರೀರಸ್ಥಾನದ ಹತ್ತನೆಯ ಅಧ್ಯಾಯದಲ್ಲಿ, ಹೆತ್ತವಳ ಎದೆಯ ನಾಳಗಳು ಮೂರು ನಾಲ್ಕು ರಾತ್ರಿಗಳು ಕಳೆದ ಮೇಲೆ ತೆರೆದು ಹಾಲು ಹರಿಯುವುದೆಂದೂ, ಅಷ್ಟರವರೆಗೆ ಕೂಸಿಗೆ ಜೇನು ತುಪ್ಪಗಳನ್ನು ಔಷಧಿಯೊಡನೆ ಕೊಡಬೇಕೆಂದೂ ಹೇಳಿರುವುದು ನಿಜ. ವಾಗ್ಭಟನ ಅಷ್ಟಾಂಗಹೃದಯವೂ ಉತ್ತರಸ್ಥಾನದ ಆರಂಭದಲ್ಲಿ ಹೆಚ್ಚುಕಡಮೆ ಇದೇ ಕ್ರಮವನ್ನು ಅನುಸರಿಸಿದೆ. ಆದರೆ ಈ ವಾಕ್ಯಗಳ ಅಭಿಪ್ರಾಯವನ್ನು ಎಚ್ಚರದಿಂದ ನೋಡತಕ್ಕದ್ದು. ಸುಶ್ರುತನು ಕೊಟ್ಟಿರುವ ಕಾರಣ ಹಾಲು ಇನ್ನೂ ಬಂದಿಲ್ಲವೆಂಬುದು. ಬಂದ ಹಾಲು ಕೆಟ್ಟುದೆಂಬುದಲ್ಲ. ಅದು ಪ್ರಮಾಣದ ವಿಷಯದ ಅವಲೋಕನ, ಗುಣದ ವಿಷಯದ ನಿಂದೆಯಲ್ಲ. ಮೊದಲ ಸಲ ಮೊಲೆಯೂಡಿಸುವಾಗ ಎದೆಯನ್ನು ತೊಳೆದು ಸ್ವಲ್ಪ ಹಾಲನ್ನು ಹಿಂಡಿ ಆಮೇಲೆ ಉಣಿಸಬೇಕೆಂಬ ಮಾತೂ ಅದೇ ಅಧ್ಯಾಯದಲ್ಲಿ ಉಂಟು. ಆದರೆ ಸ್ವಲ್ಪ ಎಂಬುದು ಮೂರು ದಿನದ ಹಾಲೆಂದು ಅರ್ಥವಾಗಲಾರದು. ಗ್ರಂಥದಲ್ಲಿ ಕೆಲವು ಹನಿಗಳಾಗಿದ್ದುದು ಆಚಾರದಲ್ಲಿ ಬಟ್ಟಲಾಗಿ ಬೆಳೆಯಿತೆಂದು ತೋರುತ್ತದೆ.

ಇನ್ನು ಚರಕನನ್ನು ಕೇಳಿದರೆ ಉತ್ತರವೇ ಬೇರೆ. ಚರಕಸಂಹಿತೆಯ ಶಾರೀರಸ್ಥಾನದ ಎಂಟನೆಯ ಅಧ್ಯಾಯದಲ್ಲಿ ಜಾತಕರ್ಮವನ್ನು ವಿಧಿಸುತ್ತ, ಮಂತ್ರಿಸಿದ ಜೇನು ತುಪ್ಪಗಳನ್ನು ನೆಕ್ಕಿಸಿದ ಬಳಿಕ ಮೊದಲು ಬಲಮೊಲೆಯನ್ನು ಕುಡಿಯಲು ಕೊಡಬೇಕೆಂದಿದೆ. ಇಲ್ಲಿ ಮೂರು ರಾತ್ರಿಗಳ ಅಂತರದ ಪ್ರಸ್ತಾವವಿಲ್ಲ. ಇದು ಚರಕನೊಬ್ಬನ ಅಭಿಪ್ರಾಯವೂ ಅಲ್ಲ. ಬೃಹದಾರಣ್ಯಕೋಪನಿಷತ್ತಿನ ಆರನೆಯ ಅಧ್ಯಾಯದ ನಾಲ್ಕನೆಯ ಬ್ರಾಹ್ಮಣದಲ್ಲಿ ತಂದೆಯು ಶಿಶುವಿಗೆ ಮೊಸರು, ಜೇನು, ತುಪ್ಪಗಳನ್ನು ಚಿನ್ನದಿಂದ ಉಣಿಸಿ, ಆಮೇಲೆ ಅದನ್ನು ತಾಯಿಯ ಕೈಗೆ ಕೊಟ್ಟು, ಸರಸ್ವತಿಯನ್ನು ಸ್ತುತಿಸುವ ಮಂತ್ರದೊಡನೆ ಮೊಲೆಯನ್ನು ಊಡಿಸಬೇಕೆಂದು ವಿಧಿಯಿದೆ. ಪಾರಸ್ಕರ ಗೃಹ್ಯಸೂತ್ರದ ಜಾತಕರ್ಮದಲ್ಲಿಯೂ ಎರಡು ಮೊಲೆಗಳನ್ನು ಮಂತ್ರಪೂರ್ವಕವಾಗಿ ಕೊಡುವ ಕ್ರಮವುಂಟು. ಜೇನು ತುಪ್ಪವನ್ನು ಜಾತಕರ್ಮದ ಹೆಸರಿನಲ್ಲಿ ಸಮರ್ಥಿಸುವವರು ಆ ಕರ್ಮದ ಮೊದಲ ಅರ್ಧವನ್ನು ಓದಿ ಎರಡನೆಯ ಅರ್ಧವನ್ನು ಮರೆತಿದ್ದಾರೆಂದು ಹೇಳದೆ ವಿಧಿಯಿಲ್ಲ. ಕರ್ಮದಲ್ಲಿ ಜೇನು ಒಂದು ಮುಹೂರ್ತದ ಸಂಸ್ಕಾರ; ಹಾಲು ಅದರ ಹಿಂದೆಯೇ ಬರುವ ಆಹಾರ.

ಕೌಮಾರಭೃತ್ಯವೆಂಬ ಶಿಶುವೈದ್ಯಕ್ಕೇ ಮೀಸಲಾದ ಕಾಶ್ಯಪಸಂಹಿತೆಯು ನೇಪಾಳದ ಹಸ್ತಪ್ರತಿಯಿಂದ ೧೯೩೮ರಲ್ಲಿ ಅಚ್ಚಾಗಿ ಬೆಳಕಿಗೆ ಬಂದಿತು. ಪ್ರತಿಯು ಬಹಳ ತ್ರುಟಿತವಾಗಿದ್ದರೂ ನೆಕ್ಕಿಸುವ ಔಷಧಗಳನ್ನು ಕುರಿತ ಒಂದು ಅಧ್ಯಾಯವು ಅದರಲ್ಲಿ ಉಳಿದಿದೆ. ಯಾವ ಕೂಸಿಗೆ ನೆಕ್ಕಿಸಬೇಕು, ಯಾವುದಕ್ಕೆ ಕೂಡದು ಎಂದು ಅಲ್ಲಿ ವಿಂಗಡಿಸಿದೆ. ನೆಕ್ಕಿಸತಕ್ಕವುಗಳಲ್ಲಿ ಮೊದಲು ಎಣಿಸಿರುವುದು ತಾಯಿಗೆ ಹಾಲಿಲ್ಲದ ಅಥವಾ ಹಾಲು ಸಾಲದ ಕೂಸುಗಳನ್ನು. ಎಂದರೆ ನೆಕ್ಕಿಸುವುದು ಎಲ್ಲ ಕೂಸುಗಳಿಗೂ ಸಲ್ಲುವ ನಿಯಮವಲ್ಲ, ಕೊರತೆಯಿದ್ದಲ್ಲಿ ಮಾಡತಕ್ಕ ಉಪಾಯ. ಹೀಗೆ ಶಾಸ್ತ್ರವೆಂಬುದು ಒಂದೇ ಬಾಯಿಯಲ್ಲಿ ಮಾತನಾಡುವುದಿಲ್ಲ. ಹಾಲಿಲ್ಲವೆನ್ನುವ ಸುಶ್ರುತನ ಎದುರಿಗೆ ಹಾಲು ಕೊಡೆನ್ನುವ ಚರಕನೂ ಉಪನಿಷತ್ತೂ ನಿಂತಿರುವಾಗ, ಒಂದನ್ನು ಹಿಡಿದು ಮತ್ತೊಂದನ್ನು ಮುಚ್ಚುವುದು ಶಾಸ್ತ್ರನಿಷ್ಠೆಯೆನಿಸದು.

ಮತ್ತೊಂದು ಅಂಶವನ್ನೂ ಗಮನಿಸಬೇಕು. ಸುಶ್ರುತಾದಿಗಳು ದಾದಿಯ ಲಕ್ಷಣವನ್ನು ವಿಸ್ತಾರವಾಗಿ ಹೇಳಿದ್ದಾರೆ: ಅವಳ ವಯಸ್ಸು, ಶೀಲ, ಆರೋಗ್ಯ, ಹಾಲಿನ ಪರೀಕ್ಷೆ ಎಲ್ಲವೂ ಅಲ್ಲಿವೆ. ಇದರಿಂದ ಆ ವಿಧಿಗಳು ದಾದಿಯನ್ನಿಡಲು ಶಕ್ತಿಯುಳ್ಳ ಮನೆಯನ್ನು ಎದುರಿಗಿಟ್ಟುಕೊಂಡು ಬರೆದುವೆಂಬುದು ಸ್ಪಷ್ಟವಾಗುತ್ತದೆ. ಅರಮನೆಗೆ ಬರೆದ ವಿಧಿಯು ಗುಡಿಸಲಿಗೆ ಇಳಿದಾಗ ತುಪ್ಪವೂ ಔಷಧಿಯೂ ದಾದಿಯೂ ದಾರಿಯಲ್ಲಿಯೇ ಉಳಿದು, ಮೂರು ದಿನದ ಉಪವಾಸವೊಂದೇ ಕೂಸಿಗೆ ದಕ್ಕಿತು.

ಈ ಭ್ರಾಂತಿ ಭಾರತೀಯರದು ಮಾತ್ರವೆಂದು ತಿಳಿಯಲಾಗದು. ಕ್ರಿಸ್ತಶಕ ಎರಡನೆಯ ಶತಮಾನದ ಗ್ರೀಕ್ ವೈದ್ಯ ಸೊರಾನಸನು ತಾಯಿಯ ಹಾಲು ಇಪ್ಪತ್ತು ದಿನಗಳವರೆಗೆ ಒಗ್ಗದೆಂದು ಬರೆದು, ಮೊದಲು ಜೇನನ್ನು ಕೊಡಲು ಹೇಳಿದನು. ಐರೋಪ್ಯರು ಈ ಮತವನ್ನೇ ಶತಮಾನಗಳ ಕಾಲ ಪಾಲಿಸಿದರು. ಇಂಗ್ಲೆಂಡಿನ ವೈದ್ಯ ಕ್ಯಾಡೊಗನ್ ೧೭೪೮ರಲ್ಲಿ ಒಂದು ಚಿಕ್ಕ ಪುಸ್ತಕವನ್ನು ಬರೆದು, ಹುಟ್ಟಿದ ಕೂಸಿಗೆ ಬೆಣ್ಣೆ ಸಕ್ಕರೆಗಳನ್ನು ತುರುಕದೆ ಬೇಗನೆ ತಾಯಿಯ ಎದೆಗೆ ಹಚ್ಚಬೇಕೆಂದು ವಾದಿಸಬೇಕಾಯಿತು. ಪೂರ್ವ ಪಶ್ಚಿಮಗಳೆರಡೂ ಕಡೆ ಪುಸ್ತಕ ಬರೆದವರು ಗಂಡಸರು. ಕೂಸನ್ನು ಎತ್ತಿಕೊಂಡವರು ಹೆಂಗಸರು. ಎರಡನೆಯವರ ಮಾತು ಮೊದಲನೆಯವರ ಪುಸ್ತಕದಲ್ಲಿ ಸೇರಿದುದು ಅಪೂರ್ವ.

೩

ಶಾಸ್ತ್ರದಲ್ಲಿ ಹೀಗೆ ಭಿನ್ನಾಭಿಪ್ರಾಯವಿದ್ದರೆ ಕಾವ್ಯದಲ್ಲಿ ಏನಿದೆ? ಹಾಲು ಎಂಬುದು ಕನ್ನಡ ಸಾಹಿತ್ಯಕ್ಕೆ ಬಹಳ ಪ್ರಿಯವಾದ ವಸ್ತು. ಗೋವಿನ ಹಾಡಿನಲ್ಲಿ ಸತ್ಯದ ಪರೀಕ್ಷೆಯೆಲ್ಲವೂ ಕರುವಿಗೆ ಒಂದು ಸಲ ಹಾಲೂಡಿಸಿ ಬರುವ ಮಾತಿನ ಮೇಲೆ ನಿಂತಿದೆ. ಆದರೂ ಹುಟ್ಟಿದ ಮಗುವಿನ ಮೊದಲ ಹಾಲನ್ನು ಕವಿಗಳು ಎಲ್ಲಿ ಬಣ್ಣಿಸಿದ್ದಾರೆಂದು ಹುಡುಕಹೊರಟರೆ ನಿರಾಶೆಯೇ ಗತಿ. ಜೈನ ಪುರಾಣಗಳ ಮಾರ್ಗವನ್ನು ಹಾಕಿದ ಜಿನಸೇನನ ಸಂಸ್ಕೃತ ಆದಿಪುರಾಣದಲ್ಲಿ ಶಿಶುವಾದ ವೃಷಭನಿಗೆ ಇಂದ್ರನು ಸ್ನಾನಕ್ಕೆ, ಅಲಂಕಾರಕ್ಕೆ, ಹಾಲಿಗೆ, ದೇಹಸಂಸ್ಕಾರಕ್ಕೆ, ಆಟಕ್ಕೆ ಎಂದು ದೇವಿಯರನ್ನು ದಾದಿಯರಾಗಿ ನೇಮಿಸುತ್ತಾನೆ. ಶಿಶುಪೋಷಣೆಯನ್ನು ಐದು ಕೆಲಸಗಳಾಗಿ ವಿಂಗಡಿಸಿದುದು ಸೂಕ್ಷ್ಮವಾದ ದೃಷ್ಟಿ. ಆದರೆ ಈ ಐದರಲ್ಲಿ ಒಂದೂ ತಾಯಿಯ ಪಾಲಿಗೆ ಬಂದಿಲ್ಲ. ಪ್ರಾಚೀನ ಪ್ರೌಢಕಾವ್ಯದ ಜನ್ಮೋತ್ಸವವೆಂದರೆ ಮಂಗಳವಾದ್ಯ, ದಾನ, ಪುರದ ಶೃಂಗಾರ. ಕೂಸು ಅಲ್ಲಿ ಉತ್ಸವದ ನಿಮಿತ್ತವೇ ಹೊರತು ಹಸಿದು ಅಳುವ ಜೀವವಲ್ಲ.

ಭಾಗವತದ ಪರಂಪರೆಯಲ್ಲಿ ಮೊಲೆಯೂಡಿಸುವ ಪ್ರಸಂಗವೊಂದುಂಟು; ಅದು ಪೂತನಿಯದು. ಕುರುಡುಮಲೆಯ ಸಮೀಪದ ಮುಳಬಾಗಿಲಿನಲ್ಲಿ ನೆಲಸಿ ಹದಿನೈದನೆಯ ಶತಮಾನದಲ್ಲಿ ಕನ್ನಡ ದೇವರನಾಮಗಳಿಗೆ ಹಾದಿಹಾಕಿದ ಶ್ರೀಪಾದರಾಜರಿಂದ ಮೊದಲುಗೊಂಡು ದಾಸಸಾಹಿತ್ಯವು ಕೃಷ್ಣನ ಬಾಲ್ಯವನ್ನು ಮನೆಮನೆಯ ಮಾತಾಗಿ ಮಾಡಿತು. ಆ ಬಾಲ್ಯವು ಬೆಣ್ಣೆಯ, ಮಣ್ಣಿನ, ಗೋಪಿಯರ ದೂರಿನ ಬಾಲ್ಯ. ಅದಕ್ಕೂ ಹಿಂದಿನ ದಿನಗಳಿಂದ ಕಥೆ ಎತ್ತಿಕೊಂಡಿರುವುದು ವಿಷವನ್ನು ಸವರಿದ ಮೊಲೆಯೊಂದನ್ನೇ. ಸುಶ್ರುತಸಂಹಿತೆಯ ಉತ್ತರತಂತ್ರದ ಒಂಬತ್ತು ಬಾಲಗ್ರಹಗಳಲ್ಲಿ ಪೂತನೆ, ಅಂಧಪೂತನೆ, ಶೀತಪೂತನೆ ಎಂಬ ಮೂರು ಹೆಸರುಗಳಿರುವುದನ್ನೂ, ಕನ್ನಡದಲ್ಲಿ ದೇವೇಂದ್ರಮುನಿಯು ಸುಮಾರು ೧೨೦೦ರಲ್ಲಿ ಬಾಲಗ್ರಹಚಿಕಿತ್ಸೆಯೆಂಬ ಗ್ರಂಥವನ್ನೇ ಬರೆದುದನ್ನೂ ಇದರೊಡನೆ ಸೇರಿಸಿ ನೋಡಬೇಕು. ಕೂಸು ಕಾರಣ ತಿಳಿಯದೆ ಹಾಲು ಬಿಟ್ಟು ಸೊರಗಿ ಸತ್ತಾಗ ಮನೆಯವರು ಹಾಲನ್ನೂ ಗ್ರಹವನ್ನೂ ಶಂಕಿಸಿದರು. ಆ ಶಂಕೆಗೆ ಕಥೆಯು ರೂಪವನ್ನು ಕೊಟ್ಟಿತು. ಗಿಣ್ಣನ್ನು ಬಲ್ಲ ಜನರು ತಾಯಿಯ ಮೊದಲ ಹಾಲಿಗೆ ಏಕೆ ಹೆದರಿದರೆಂಬ ಪ್ರಶ್ನೆಗೆ ಉತ್ತರದ ಒಂದು ಭಾಗವಾದರೂ ಇಲ್ಲಿ ದೊರೆಯುತ್ತದೆ. ಕರು ಸತ್ತರೆ ನಷ್ಟ. ಕೂಸು ಸತ್ತರೆ ಭಯ. ಭಯವಿದ್ದಲ್ಲಿ ಅನುಭವದ ಮಾತು ನಡೆಯುವುದಿಲ್ಲ.

ಈ ಕೊರತೆಯ ನಡುವೆ ಎದ್ದು ಕಾಣುವುದು ಬೆಜ್ಜಮಹಾದೇವಿಯ ಕಥೆ. ಪಾಲ್ಕುರಿಕೆ ಸೋಮನಾಥನು ಹದಿಮೂರನೆಯ ಶತಮಾನದಲ್ಲಿ ತೆಲುಗಿನ ಬಸವಪುರಾಣದಲ್ಲಿ ಇದನ್ನು ಹೇಳಿದನು. ಅವನ ಪುರಾಣವನ್ನು ಭೀಮಕವಿಯು ೧೩೬೯ರಲ್ಲಿ ಭಾಮಿನಿ ಷಟ್ಪದಿಯಲ್ಲಿ ಕನ್ನಡಕ್ಕೆ ತಂದನು. ಶಿವನಿಗೆ ಎಲ್ಲರೂ ಉಂಟು, ತಾಯಿಯೊಬ್ಬಳಿಲ್ಲ. ತಾಯಿಯಿದ್ದಿದ್ದರೆ ವಿಷವನ್ನು ಕುಡಿಯಗೊಡುತ್ತಿದ್ದಳೆ, ಬೂದಿ ಬಳಿದುಕೊಂಡು ಅಲೆಯಗೊಡುತ್ತಿದ್ದಳೆ ಎಂದು ಮರುಗಿ ಆ ಭಕ್ತೆಯು ತಾನೇ ತಾಯಾಗಿ ಶಿವನನ್ನು ಕೂಸುಮಾಡಿ ಎಣ್ಣೆಯೊತ್ತಿ, ನೀರೆರೆದು, ಕಾಡಿಗೆಯಿಟ್ಟು, ಹಾಲೂಡಿಸುತ್ತಾಳೆ. ಕೂಸು ರೋಗವನ್ನು ನಟಿಸಿ ಹಾಲನ್ನು ಒಲ್ಲದಿರಲು ಅವಳು ಪ್ರಾಣವನ್ನೇ ಬಿಡಲು ಸಿದ್ಧಳಾಗುತ್ತಾಳೆ. ಈ ಕಥೆಯ ಹಿರಿಮೆ ಭಕ್ತಿಯ ಆವೇಶದಲ್ಲಿ ಮಾತ್ರವಿರುವುದಲ್ಲ. ಎರೆಯುವ ಕೈಯ ಕೆಲಸವನ್ನು ಕವಿಯು ಕಣ್ಣಿಟ್ಟು ನೋಡಿರುವುದರಲ್ಲಿಯೂ ಇದೆ. ಬಾಣಂತಿಯ ಕೋಣೆಯೊಳಗಿನ ಕೆಲಸಕ್ಕೆ ದೇವರ ಪೂಜೆಯ ಪದವಿ ದೊರೆತುದು ಇಲ್ಲಿ. ಹಾಲು ಒಲ್ಲದ ಕೂಸಿನ ಎದುರಿಗೆ ಪೂತನಿಯ ಭಯವನ್ನು ತರದೆ ತಾಯಿಯ ಸಂಕಟವನ್ನು ತಂದುದೂ ಇಲ್ಲಿಯೇ. ಕನ್ನಡ ತೆಲುಗುಗಳೆರಡಕ್ಕೂ ಸಮಾನವಾದ ಈ ಕಥೆಯು ಎರಡು ನುಡಿಗಳನ್ನೂ ಆಡುವ ಗಡಿಯ ಮನೆಗಳಿಗೆ ಸಹಜವಾಗಿ ಒಪ್ಪುವಂಥದು. ಆದರೂ ಇದೊಂದನ್ನು ಒಪ್ಪಿಕೊಳ್ಳಬೇಕು: ಬೆಜ್ಜಮಹಾದೇವಿಯು ಹೆತ್ತವಳಲ್ಲ. ಹೆರಿಗೆಯ ಮರುದಿನದ ದಣಿವಾಗಲಿ ಮೊದಲ ಹಾಲಾಗಲಿ ಅವಳ ಕಥೆಯಲ್ಲಿ ಬರಲು ಎಡೆಯಿಲ್ಲ.

ಹೆಂಗಸರ ಹಾಡುಗಳಾದರೂ ಈ ಎಡೆಯನ್ನು ತುಂಬುತ್ತವೆಯೆ? ಜೋಗುಳ, ಲಾಲಿ, ತೆಲುಗಿನ ಜೋಲ ಪಾಟ ಇವೆಲ್ಲವೂ ತೊಟ್ಟಿಲಿನ ಹಾಡುಗಳು. ಕೂಸನ್ನು ತೊಟ್ಟಿಲಿಗೆ ಹಾಕುವುದಾದರೋ ಪುರುಡು ಕಳೆದು ಹೆಸರಿಡುವ ಶುಭದಿನದಲ್ಲಿ, ಹನ್ನೊಂದೋ ಹನ್ನೆರಡೋ ದಿನಗಳಾದ ಮೇಲೆ. ಅದಕ್ಕೆ ಮುಂಚಿನ ದಿನಗಳು ಮೈಲಿಗೆಯ ದಿನಗಳು. ಅವಕ್ಕೆ ಹಾಡು ದುರ್ಲಭ. ಹೀಗೆ ಶಿಷ್ಟಕಾವ್ಯವು ಉತ್ಸವದಿಂದ ಆರಂಭವಾದರೆ ಜನಪದವು ತೊಟ್ಟಿಲಿನಿಂದ ಆರಂಭವಾಗುತ್ತದೆ. ಕೂಸಿನ ಪ್ರಾಣವು ತೂಗಾಡುವ ಮೊದಲ ಹತ್ತು ದಿನಗಳು ಎರಡಕ್ಕೂ ಹೊರಗೆ ಉಳಿದುವು. ಆ ದಿನಗಳ ತಿಳಿವಳಿಕೆಯೆಲ್ಲವೂ ಸೂಲಗಿತ್ತಿಯ ಕೈಯಲ್ಲಿದ್ದು, ಒಂದು ಕೈಯಿಂದ ಇನ್ನೊಂದು ಕೈಗೆ ದಾಟಿತೇ ಹೊರತು ಓಲೆಗೆ ಏರಲಿಲ್ಲ. ಕುರುಡುಮಲೆಯಂತೆಯೇ ಕನ್ನಡ ತೆಲುಗುಗಳು ಕಲೆತಿರುವ ಪಾವಗಡದ ಸೀಮೆಯ ಸೂಲಗಿತ್ತಿ ನರಸಮ್ಮನವರಿಗೆ ೨೦೧೮ರಲ್ಲಿ ಪದ್ಮಶ್ರೀ ಪ್ರಶಸ್ತಿ ಸಂದುದು ಸಂತೋಷದ ವಿಷಯ. ಅದೇ ವರ್ಷದ ಡಿಸೆಂಬರಿನಲ್ಲಿ ಅವರು ತೀರಿಕೊಂಡರು. ಅಂಥವರ ವಿದ್ಯೆಯ ಎಷ್ಟು ಪಾಲು ಬರೆಹಕ್ಕೆ ಬಂದಿದೆಯೆಂದು ವಿದ್ವಾಂಸರು ತಮ್ಮನ್ನು ತಾವೇ ಕೇಳಿಕೊಳ್ಳಬೇಕು.

೪

ಇಂದಿನ ವೈದ್ಯಶಾಸ್ತ್ರದ ನಿರ್ಣಯವು ಸ್ಪಷ್ಟವಾಗಿದೆ. ಮೊದಲ ಹಾಲು ಪ್ರಮಾಣದಲ್ಲಿ ಕಡಮೆಯಾದರೂ ರೋಗವನ್ನು ತಡೆಯುವ ಸತ್ತ್ವಗಳಿಂದಲೂ ‘ಎ’ ಜೀವಸತ್ತ್ವದಿಂದಲೂ ತುಂಬಿರುತ್ತದೆ; ಕೂಸಿನ ಹೊಟ್ಟೆಯೂ ಆಗ ಚಿಕ್ಕದಾಗಿರುವುದರಿಂದ ಆ ಸ್ವಲ್ಪವೇ ಸಾಕು; ಕೂಸು ಚೀಪಿದಷ್ಟೂ ಹಾಲು ಬೇಗ ಇಳಿಯುತ್ತದೆ. ಆದಕಾರಣ ಹುಟ್ಟಿದ ಒಂದು ಗಂಟೆಯೊಳಗೆ ಎದೆಗೆ ಹಚ್ಚಬೇಕೆಂದೂ, ಆರು ತಿಂಗಳವರೆಗೆ ಬೇರೇನನ್ನೂ ಕೊಡಬಾರದೆಂದೂ ವಿಶ್ವ ಆರೋಗ್ಯ ಸಂಸ್ಥೆಯು ಹೇಳುತ್ತದೆ. ಸುಶ್ರುತನು ಕಂಡ ಅವಲೋಕನವು ಇದರಿಂದ ಸುಳ್ಳಾಗಲಿಲ್ಲ. ಧಾರಾಳವಾದ ಹಾಲು ಮೂರನೆಯ ನಾಲ್ಕನೆಯ ದಿನಕ್ಕೆ ಬರುವುದು ದಿಟ. ಅದರಿಂದ ತೆಗೆದ ನಿಗಮನವು ಮಾತ್ರ ಸುಳ್ಳಾಯಿತು. ಚರಕನ ವಿಧಿಯು ನಿಂತಿತು.

ಹಾಗೆಂದು ಹಳೆಯ ಆಚಾರಗಳನ್ನೆಲ್ಲ ಒಂದೇ ಗಂಟಿನಲ್ಲಿ ಕಟ್ಟಿ ಎಸೆಯುವುದು ವಿವೇಕವಲ್ಲ. ಮನು ಮತ್ತು ಆಶ್ವಲಾಯನ ಗೃಹ್ಯಸೂತ್ರ ಅನ್ನಪ್ರಾಶನಕ್ಕೆ ಹೇಳಿರುವ ಕಾಲ ಆರನೆಯ ತಿಂಗಳು. ರಾಗಿಯ ಸರಿಯನ್ನು ಕೂಸಿಗೆ ಉಣಿಸಲು ಈಗಿನ ವೈದ್ಯರು ಒಪ್ಪುವ ಕಾಲವೂ ಬಹುಮಟ್ಟಿಗೆ ಅದೇ. ಮುಳಬಾಗಿಲಿನ ಮುಸಲ್ಮಾನ ಮನೆಗಳಲ್ಲಿಯೂ ಪ್ರಮಾಣವಾದ ಕುರಾನಿನ ಎರಡನೆಯ ಅಧ್ಯಾಯವು ತಾಯಂದಿರು ಪೂರ್ಣ ಎರಡು ವರ್ಷ ಹಾಲೂಡಿಸುವ ಮಾತನ್ನು ಹೇಳುತ್ತದೆ. ಇದು ಕೂಡ ಇಂದಿನ ಉಪದೇಶಕ್ಕೆ ಸಮೀಪವಾದುದು. ಖರ್ಜೂರವನ್ನು ಅಗಿದು ಕೂಸಿನ ಅಂಗುಳಿಗೆ ಸವರುವ ಅವರ ಸಂಸ್ಕಾರಕ್ಕೂ ಜಾತಕರ್ಮದ ಜೇನಿಗೂ ಇರುವ ಸಾದೃಶ್ಯವನ್ನು ನೋಡಿದರೆ, ಹೊಸ ಜೀವಕ್ಕೆ ಮೊದಲು ಸಿಹಿಯನ್ನು ತೋರಿಸಬೇಕೆಂಬ ಆಸೆ ಮತಭೇದವನ್ನು ಮೀರಿದುದೆಂದು ತಿಳಿಯುತ್ತದೆ. ಆ ಆಸೆಯು ಪೂಜ್ಯ. ಜೇನು ಮಾತ್ರ ಅಪಾಯಕರ, ಏಕೆಂದರೆ ವರ್ಷ ತುಂಬದ ಕೂಸಿಗೆ ಅದರಲ್ಲಿರಬಹುದಾದ ರೋಗಾಣುವಿನಿಂದ ಘೋರವಾದ ವಿಷರೋಗವುಂಟಾಗುವ ಸಂಭವವಿದೆ. ಹುಟ್ಟಿದೊಡನೆ ಎರೆಯುವ ಪದ್ಧತಿಯನ್ನು ಬಿಟ್ಟು ಒಂದು ದಿನವಾದರೂ ಕಾಯಬೇಕು. ಎಣ್ಣೆಯೊತ್ತುವುದು ಹಿತವಾಗಿ ಮಾಡಿದರೆ ಒಳ್ಳೆಯದು. ಕಣ್ಣಿಗೆ ಕಾಡಿಗೆ ಬೇಡ. ಮೊಲೆಯನ್ನು ಚೀಪಲಾರದ ದುರ್ಬಲ ಕೂಸುಗಳಿಗೆ ತಾಯಿಯ ಹಾಲನ್ನೇ ಹಿಂಡಿ ಕುಡಿಸಲು ಭಾರತದ ದೊಡ್ಡ ಆಸ್ಪತ್ರೆಗಳಲ್ಲಿ ಇಂದು ಪಾಲಾಡೈಯನ್ನು ಬಳಸುತ್ತಾರೆ. ಅಜ್ಜಿಯರ ಒಳಲೆಯು ರಬ್ಬರಿನ ಮೂತಿಯ ಸೀಸೆಗಿಂತ ಮೇಲೆಂದು ವೈದ್ಯರೇ ಒಪ್ಪಿದಂತಾಯಿತು.

ತಪ್ಪೆಲ್ಲವೂ ಅಜ್ಜಿಯರದೆಂಬ ಮಾತೂ ನಿಲ್ಲತಕ್ಕುದಲ್ಲ. ೨೦೧೯–೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದಲ್ಲಿ ನೂರಕ್ಕೆ ೮೮.೬ ಹೆರಿಗೆಗಳು ಆಸ್ಪತ್ರೆಗಳಲ್ಲಿ ಆಗುತ್ತಿದ್ದುವು. ಆದರೆ ಹುಟ್ಟಿದ ಒಂದು ಗಂಟೆಯೊಳಗೆ ಹಾಲುಂಡ ಮಕ್ಕಳು ನೂರಕ್ಕೆ ೪೧.೮ ಮಾತ್ರ. ಹೆರಿಗೆಯು ಅಜ್ಜಿಯ ಕೋಣೆಯಿಂದ ವೈದ್ಯರ ಕೋಣೆಗೆ ಬಂದರೂ ಕೂಸಿನ ಕಾಯುವಿಕೆ ತಪ್ಪಲಿಲ್ಲ. ಹಾಲಿನ ಪುಡಿಯ ವ್ಯಾಪಾರಿಗಳ ಪ್ರಚಾರವನ್ನು ತಡೆಯಲು ೧೯೯೨ರಲ್ಲಿ ಶಾಸನವನ್ನೇ ಮಾಡಬೇಕಾಯಿತೆಂಬುದನ್ನೂ ಇಲ್ಲಿ ನೆನೆಯಬೇಕು.

ಈ ವಿಚಾರದಿಂದ ನಿಷ್ಪನ್ನವಾಗುವುದಿಷ್ಟು. ಮೊದಲ ಹಾಲನ್ನು ಚೆಲ್ಲುವುದಕ್ಕೆ ಶಾಸ್ತ್ರದ ಏಕಮತವಾದ ಆಧಾರವಿಲ್ಲ. ಶ್ರುತಿಯೂ ಚರಕನೂ ಅದಕ್ಕೆ ವಿರೋಧವಾಗಿದ್ದಾರೆ. ಕಾವ್ಯವು ಈ ವಿಷಯದಲ್ಲಿ ಮೌನವಾಗಿದೆ, ಆ ಮೌನದಲ್ಲಿ ಭಯವು ಬೆಳೆದಿದೆ. ಜನರ ನುಡಿಯಾದರೋ ಗಿಣ್ಣೆಂಬ ಒಂದು ಮಾತಿನಲ್ಲಿ ಸರಿಯಾದ ತಿಳಿವನ್ನು ಕಾಪಾಡಿಕೊಂಡು ಬಂದಿದೆ. ತಾಯಿಯ ಮೊದಲ ಹಾಲಿಗೂ ಗಿಣ್ಣುಹಾಲೆಂದೇ ಹೆಸರಿಟ್ಟು ಹೇಳುವ ಆರೋಗ್ಯ ಕಾರ್ಯಕರ್ತೆಯರು, ತಿಳಿದೋ ತಿಳಿಯದೆಯೋ, ಆ ತಿಳಿವನ್ನು ಕೊಟ್ಟಿಗೆಯಿಂದ ಬಾಣಂತಿಯ ಕೋಣೆಗೆ ತರುತ್ತಿದ್ದಾರೆ. ಕುರುಡುಮಲೆಯ ಸೀಮೆಯಂಥ ಗಡಿನಾಡುಗಳಲ್ಲಿ ಸೂಲಗಿತ್ತಿಯರ, ಬಾಣಂತಿಯರ ಮಾತುಗಳನ್ನು ಕನ್ನಡ ತೆಲುಗು ತಮಿಳುಗಳಲ್ಲಿ ಇನ್ನೂ ಕೇಳಬಹುದಾಗಿರುವಾಗಲೇ ಸಂಗ್ರಹಿಸಿ, ದೇವೇಂದ್ರಮುನಿಯ ಗ್ರಂಥದಂಥವುಗಳೊಡನೆ ಹೋಲಿಸಿ ನೋಡುವ ಕೆಲಸವು ವಿದ್ವಾಂಸರ ಮೇಲಿದೆ. ಹಾಡಿಗೂ ಗ್ರಂಥಕ್ಕೂ ಹೊರಗುಳಿದ ಆ ಹತ್ತು ದಿನಗಳು ಇನ್ನಾದರೂ ಬರೆಹಕ್ಕೆ ಬರಲಿ.